ಕಟ್ಟಲಾಗದ ಕಂಠಾಭರಣ

ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ದೀಪಾವಳಿ ವಿಶೇಷಾಂಕಗಳಲ್ಲಿ 'ಅಂಕೆಗಳ ಅದ್ಭುತ' ಎಂಬಂಥ ತಲೆಬರಹದ ಅರ್ಧ ಪುಟದ ಬರಹವೊಂದು ಇದ್ದೇ ಇರುತ್ತದೆ. 12345679ನ್ನು 9ರಿಂದ ಗುಣಿಸಿರಿ, ಒಂಬತ್ತು ಒಂದುಗಳು ಸಾಲಾಗಿ ನಿಲ್ಲುತ್ತವೆ, ನೋಡಿ ಆನಂದಿಸಿರಿ ಎನ್ನುವಲ್ಲಿಗೆ ಬರಹ ಮುಗಿಯುತ್ತದೆ. ಜಾಗ ಉಳಿದಿದ್ದರೆ, ಇದೆಲ್ಲ ನಮ್ಮ ಪೂರ್ವಿಕರಿಗೆ ಸಾವಿರ ವರ್ಷಗಳ ಹಿಂದೆಯೇ ಗೊತ್ತಿತ್ತು ಎಂಬ ಒಂದು ಸಾಲು. ಆ ಸಾಲು ಸುಳ್ಳಲ್ಲ. ನನ್ನ ತಕರಾರು ಇರುವುದು ಅದರ ನಂತರ ಬರಬೇಕಾದ, ಆದರೆ ಎಂದೂ ಬಾರದ ಇನ್ನೊಂದು ಸಾಲಿನ ಬಗ್ಗೆ: ಹಾಗೇಕೆ ಆಗುತ್ತದೆ?

ಮೊದಲು ಪೂರ್ವಿಕರ ವಿಷಯ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ಪಂಡಿತ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದ. ಕನ್ನಡಕ್ಕೆ 'ಕವಿರಾಜಮಾರ್ಗ' ಬಂದ ಕಾಲವೂ ಅದೇ, ಆಸ್ಥಾನವೂ ಅದೇ. ಮಳಖೇಡವೆಲ್ಲಿ, ಠಾಣೆ ಜಿಲ್ಲೆಯ ನಾವೆಲ್ಲಿ ಎನ್ನುವವರು ಬೋರಿವಲಿಯ ಕಾನ್ಹೇರಿ ಗುಹೆಗಳನ್ನು ನೆನೆಯಬೇಕು. ಅಲ್ಲಿನ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. ಉತ್ತರ ಕೊಂಕಣವನ್ನಾಳಿದ ಶಿಲಾಹಾರರು ಆಗ ಅವನ ಸಾಮಂತರು. ನಾವು ಹೊಟ್ಟೆಪಾಡಿಗೆಂದು ಬಂದು ನೆಲೆಸಿರುವ ಈ ನೆಲವೂ ಆ ಗ್ರಂಥ ಹುಟ್ಟಿದ ಕಾಲಕ್ಕೆ ಅದೇ ಸಾಮ್ರಾಜ್ಯದೊಳಗೇ ಇತ್ತು.

ಮಹಾವೀರನ ಗ್ರಂಥದಲ್ಲಿ ಗುಣಾಕಾರಕ್ಕೆ 'ಪ್ರತ್ಯುತ್ಪನ್ನ' ಎಂದು ಹೆಸರು. ಆತ ಹೇಳುವ ಎಂಟು ಪರಿಕರ್ಮಗಳಲ್ಲಿ ಅದೇ ಮೊದಲನೆಯದು. ಕೂಡುವುದು ಕಳೆಯುವುದು ಓದುಗನಿಗೆ ಬಂದೇ ಬರುತ್ತದೆಂದು ಆತ ನೇರವಾಗಿ ಅಲ್ಲಿಂದಲೇ ಆರಂಭಿಸುತ್ತಾನೆ. ಅಭ್ಯಾಸಕ್ಕೆ ಕೊಟ್ಟ ಲೆಕ್ಕಗಳಲ್ಲಿ ಕೆಲವಕ್ಕೆ ಬರುವ ಉತ್ತರಗಳನ್ನು ಆತ ಕೊರಳ ಹಾರಗಳೆಂದು, ರಾಜನಿಗೆ ತಕ್ಕ ಕಂಠಾಭರಣಗಳೆಂದು ಕರೆಯುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 142857143ನ್ನು 7ರಿಂದ ಗುಣಿಸಿದರೆ 1000000001. 333333666667ನ್ನು 33ರಿಂದ ಗುಣಿಸಿದರೆ 11000011000011. ಮೇಲೆ ಹೇಳಿದ ಒಂಬತ್ತು ಒಂದುಗಳ ಲೆಕ್ಕವೂ ಅಲ್ಲಿದೆ. ಎಲ್ಲಕ್ಕಿಂತ ಚೆಲುವಾದುದು 27994681ನ್ನು 441ರಿಂದ ಗುಣಿಸಿದಾಗ ಬರುವ 12345654321. ಒಂದರಿಂದ ಮೊದಲಾಗಿ ಆರರವರೆಗೆ ಏರಿ, ಕ್ರಮವಾಗಿ ಇಳಿಯುವ ಸಂಖ್ಯೆ ಎಂದು ಆತನೇ ಅದನ್ನು ವರ್ಣಿಸುತ್ತಾನೆ.

ಇವೆಲ್ಲವೂ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ನಮ್ಮ ಮನೆಗಳಲ್ಲಿ 'ವಿಕಟಕವಿ' ಎಂದು ಹೇಳಿ ಮಕ್ಕಳನ್ನು ನಗಿಸುವ ಆಟ; ಅಲಂಕಾರಶಾಸ್ತ್ರದ ಭಾಷೆಯಲ್ಲಿ ಗತಪ್ರತ್ಯಾಗತ. ಆದರೆ ಮಹಾವೀರನ ಕೈಚಳಕ ಉತ್ತರದಲ್ಲಷ್ಟೇ ಇಲ್ಲ. ಆ 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ಆರು ಒಂದುಗಳ ವರ್ಗವನ್ನು ಆತ ಎರಡು ವರ್ಗಗಳಾಗಿ ಒಡೆದು, ಒಡೆದ ಗುರುತು ಕಾಣದಂತೆ ಶಿಷ್ಯನ ಮುಂದಿಟ್ಟಿದ್ದಾನೆ. ಹಾರವನ್ನು ಬಿಚ್ಚಬಲ್ಲವನು ಮಾತ್ರ ಹೀಗೆ ಲೆಕ್ಕ ಕಟ್ಟಬಲ್ಲ. ಬಿಚ್ಚಿದ ರೀತಿಯನ್ನು ಮಾತ್ರ ಆತ ಶ್ಲೋಕದಲ್ಲಿ ಹೇಳುವುದಿಲ್ಲ. ಗುಣಿಸು, ಉತ್ತರ ಹೇಳು ಎಂಬಲ್ಲಿಗೆ ಗುರುವಿನ ಮಾತು ಮುಗಿಯಿತು. ಗ್ರಂಥದ ಚೆಲುವು ಅದು, ಮಿತಿಯೂ ಅದೇ.

ಇನ್ನು ಹನ್ನೊಂದು ನೂರು ವರ್ಷಗಳನ್ನು ದಾಟಿ ನಮ್ಮ ಪಕ್ಕದ ಸ್ಟೇಷನ್ನಿಗೆ ಬರೋಣ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು 1905ರಲ್ಲಿ ಡಹಾಣೂವಿನಲ್ಲಿ ಹುಟ್ಟಿದರು, ಠಾಣೆಯಲ್ಲಿ ಶಾಲೆಗೆ ಹೋದರು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. 1930ರಿಂದ 1962ರವರೆಗೆ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದರು. ದೇವಳಾಲಿಯಿಂದ ಮುಂಬಯಿಗೆ ಹೋಗುವ ರೈಲು ಕಸಾರಾ ಘಾಟಿಯನ್ನು ಇಳಿದು, ನಮ್ಮ ಶಹಾಡನ್ನು ಹಾದು, ಕಲ್ಯಾಣ ದಾಟಿ ಡೊಂಬಿವಲಿಗೆ ಬರುತ್ತದೆ. ಆ ಡೊಂಬಿವಲಿಗೆ ಜಿ.ಐ.ಪಿ. ರೈಲ್ವೆಯ ಕಾಲದಲ್ಲಿ 'ಡೆಮ್ಲೋ' ಎಂಬ ಹೆಸರಿತ್ತು. ಅಲ್ಲಿ ಹೊಳೆದ ವಿಚಾರವಾದ್ದರಿಂದ ಕಾಪ್ರೇಕರರು ಒಂದು ಜಾತಿಯ ಸಂಖ್ಯೆಗಳಿಗೆ 'ಡೆಮ್ಲೋ ಸಂಖ್ಯೆಗಳು' ಎಂದು ಹೆಸರಿಟ್ಟರು. 47773ನ್ನು ನೋಡಿರಿ: ಮೊದಲಿನ 4, ಕೊನೆಯ 3, ಎರಡನ್ನೂ ಕೂಡಿದರೆ ನಡುವೆ ಸಾಲಾಗಿ ನಿಂತ 7. ಇವುಗಳ ಪೈಕಿ 'ಅದ್ಭುತ ಡೆಮ್ಲೋ' ಎಂದು ಅವರು ಎತ್ತಿ ಹೇಳಿದವು 121, 12321, 1234321 ಎಂಬ ಸಾಲು. 1938ರಲ್ಲಿ 'ಮ್ಯಾಥಮ್ಯಾಟಿಕ್ಸ್ ಸ್ಟೂಡೆಂಟ್' ಪತ್ರಿಕೆಯಲ್ಲಿ ಅವನ್ನು ಕುರಿತು ಬರೆದರು. ಆ ಸಾಲಿನ ಆರನೆಯದು ಮಹಾವೀರನ ಹಾರವೇ, 12345654321. ದಿನವೂ ಲಕ್ಷಾಂತರ ಮಂದಿ ತುಳಿದುಕೊಂಡು ಏರಿಳಿಯುವ ಒಂದು ಲೋಕಲ್ ಸ್ಟೇಷನ್ನಿನ ಹಳೆಯ ಹೆಸರು ಗಣಿತದ ಪುಸ್ತಕಗಳಲ್ಲಿ ಉಳಿದಿರುವುದು ಹೀಗೆ. (ಕಾಪ್ರೇಕರರನ್ನು ಕನ್ನಡಿಗರನ್ನಾಗಿ ಮಾಡುವ ಉತ್ಸಾಹ ಯಾರಿಗೂ ಬೇಡ. ನೆರೆಮನೆಯ ಹಿರಿಯರನ್ನು ಗೌರವಿಸಲು ನೆಂಟಸ್ತನ ಹುಡುಕಬೇಕಾದ್ದಿಲ್ಲ.)

ಕಾಪ್ರೇಕರರ ಕೆಲಸವನ್ನು ವಿದ್ವಾಂಸರು ಬಹಳ ಕಾಲ ಲಘುವಾಗಿಯೇ ಕಂಡರು. 1975ರ ಮಾರ್ಚಿನಲ್ಲಿ ಮಾರ್ಟಿನ್ ಗಾರ್ಡ್‌ನರ್ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬರೆದ ಮೇಲೆ ಹೊರದೇಶಗಳಲ್ಲಿ ಹೆಸರಾಯಿತು. 1986ರಲ್ಲಿ ಅವರು ತೀರಿಕೊಂಡರು. ಲಘುವಾಗಿ ಕಂಡವರಿಗೆ ಆಧಾರವಾಗಿ ಒಂದು ದೊಡ್ಡ ಹೆಸರೂ ಇತ್ತು. ರಾಮಾನುಜನ್ ಅವರನ್ನು ಕೇಂಬ್ರಿಜ್ಜಿಗೆ ಕರೆಸಿಕೊಂಡ ಜಿ. ಎಚ್. ಹಾರ್ಡಿ 1940ರ ತಮ್ಮ 'ಎ ಮ್ಯಾಥಮ್ಯಾಟಿಶಿಯನ್ಸ್ ಅಪಾಲಜಿ'ಯಲ್ಲಿ ಅಂಕೆಗಳ ಚಮತ್ಕಾರವನ್ನು ಗಣಿತವೆಂದು ಒಪ್ಪಲಿಲ್ಲ. ತಿರುಗಿಸಿ ಬರೆದ ಸಂಖ್ಯೆಯ ನಾಲ್ಕು ಪಟ್ಟು ಆಗುವ 8712, ಒಂಬತ್ತು ಪಟ್ಟು ಆಗುವ 9801, ಇಂಥವು ಪತ್ರಿಕೆಯ ಒಗಟಿನ ಅಂಕಣಕ್ಕೆ ಸರಿ, ಗಣಿತಜ್ಞನಿಗೆ ಇದರಲ್ಲಿ ಏನೂ ಇಲ್ಲ ಎಂಬುದು ಅವರ ಅಭಿಪ್ರಾಯ. ನಮ್ಮ ಮಮ್ಮಟ ಚಿತ್ರಕಾವ್ಯವನ್ನು ಕೊನೆಯ ಪಂಕ್ತಿಯಲ್ಲಿ ಕೂರಿಸಿದಂತೆಯೇ ಇದು. ಅಕ್ಷರಗಳ ಕಸರತ್ತು ಕಾವ್ಯವಲ್ಲವಾದರೆ ಅಂಕೆಗಳ ಕಸರತ್ತು ಗಣಿತ ಹೇಗಾದೀತು?

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ರಾಮಾನುಜನ್ ಅವರ 1729ನ್ನೇ ತೆಗೆದುಕೊಳ್ಳೋಣ. ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು: 1 ಮತ್ತು 12ರ ಘನಗಳು, 9 ಮತ್ತು 10ರ ಘನಗಳು. ನಾವು ಹತ್ತರ ಬದಲು ಎಂಟರಲ್ಲೋ ಹನ್ನೆರಡರಲ್ಲೋ ಎಣಿಸುವ ಜನರಾಗಿದ್ದರೂ ಇದು ನಿಜವೇ. ಅದೇ 1729ಕ್ಕೆ ಕಾಪ್ರೇಕರರು ಮೆಚ್ಚುವ ಇನ್ನೊಂದು ಗುಣವಿದೆ. ಅಂಕೆಗಳನ್ನು ಕೂಡಿದರೆ 19; 19ರಿಂದ ಅದು ನಿಶ್ಶೇಷವಾಗಿ ಭಾಗವಾಗುತ್ತದೆ, 91 ಬರುತ್ತದೆ. ಇಂಥವಕ್ಕೆ ಅವರು ಇಟ್ಟ ಹೆಸರು 'ಹರ್ಷದ ಸಂಖ್ಯೆ'. ಈ ಹರ್ಷ ನಮ್ಮ ಕೈಗೆ ಹತ್ತು ಬೆರಳುಗಳಿರುವುದರಿಂದ ಬಂದದ್ದು. ಮೊದಲನೆಯದು ಸಂಖ್ಯೆಯ ಸ್ವಭಾವ, ಎರಡನೆಯದು ಅದರ ಉಡುಪು. ಹಾರ್ಡಿ ಉಡುಪನ್ನು ನೋಡಲು ಒಪ್ಪದವರು.

ಹೀಗಿರುವಲ್ಲಿ, ಅವಿಭಾಜ್ಯ ಸಂಖ್ಯೆಗಳ ವಿಚಾರ ಬಂದಾಗ ಮೊಕದ್ದಮೆ ಅಷ್ಟು ಸುಲಭವಾಗಿ ಇತ್ಯರ್ಥವಾಗುವುದಿಲ್ಲ. ಒಂದು ಸಂಖ್ಯೆ ಅವಿಭಾಜ್ಯವಾಗಿರುವುದು ಸ್ವಭಾವ. ಯಾವ ಲಿಪಿಯಲ್ಲಿ, ಯಾವ ಮಾನದಲ್ಲಿ ಬರೆದರೂ ಬದಲಾಗದು. ಉಡುಪು ಚೆಲುವಾಗಿದ್ದು ಸ್ವಭಾವವೂ ಅವಿಭಾಜ್ಯವಾಗಿರುವ ಸಂಖ್ಯೆ ಸಿಕ್ಕಿದರೆ ಏನೆನ್ನಬೇಕು?

ಅಂಥ ಎರಡನ್ನು ಇಲ್ಲಿ ಇಡುತ್ತೇನೆ. ಮೊದಲನೆಯದು ಡೆಮ್ಲೋ ಸಾಲು ಮುರಿದು ಬೀಳುವಲ್ಲಿ ಸಿಕ್ಕುತ್ತದೆ. ಒಂಬತ್ತು ಒಂದುಗಳ ವರ್ಗ 12345678987654321. ಏಣಿ ಒಂಬತ್ತರವರೆಗೆ ಏರಿ ಇಳಿಯಿತು. ಹತ್ತು ಒಂದುಗಳ ವರ್ಗದಲ್ಲಿ ನಡುವೆ 10 ಬರಬೇಕಷ್ಟೆ. ಆದರೆ ಒಂದು ಸ್ಥಾನದಲ್ಲಿ 10 ನಿಲ್ಲಲಾರದು. ಹತ್ತು ತುಂಬಿದೊಡನೆ ಒಂದು ಎಡಕ್ಕೆ ದಾಟುತ್ತದೆ, ಅದು ಅಲ್ಲಿನ 9ನ್ನೂ ಹತ್ತು ಮಾಡುತ್ತದೆ, ಅಲ್ಲಿಂದ ಒಂದು 8ಕ್ಕೆ ದಾಟಿ ಅದನ್ನು 9 ಮಾಡುತ್ತದೆ. ಕೊನೆಗೆ ಉಳಿಯುವುದು 1234567900987654321. ನಮ್ಮ ಅರ್ಧ ಪುಟದ ಬರಹಗಳ 12345679ರಲ್ಲಿ 8 ಏಕೆ ಕಾಣೆಯಾಗಿದೆ ಎಂಬುದಕ್ಕೂ ಕಾರಣ ಇದೇ ದಾಟುವಿಕೆ. ಇಷ್ಟು ಹೇಳಲು ನಾಲ್ಕು ಸಾಲು ಸಾಕು. ಆ ನಾಲ್ಕು ಸಾಲನ್ನು ಬರೆಯದೆ, ಎಂಟು ಮಾಯವಾದದ್ದು ಯಾವುದೋ ದೈವಲೀಲೆಯೆಂಬಂತೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಬಿಡುವುದು ಓದುಗರಿಗೆ ಮಾಡುವ ಅನ್ಯಾಯ.

ಇರಲಿ. ವರ್ಗದಿಂದ ಬಾರದ ಆ ಹತ್ತನ್ನು ನಾವೇ ಬಲವಂತವಾಗಿ ಸೇರಿಸಿ, ಒಂದರಿಂದ ಹತ್ತರವರೆಗೆ ಏರಿಸಿ ಮತ್ತೆ ಒಂದಕ್ಕೆ ಇಳಿಸಿ ಬರೆದರೆ ಇಪ್ಪತ್ತು ಅಂಕೆಗಳ ಒಂದು ಸಂಖ್ಯೆ ಆಗುತ್ತದೆ: 12345678910987654321. ಇದು ಅವಿಭಾಜ್ಯ. ಒಂದರಿಂದ, ತನ್ನಿಂದ ಹೊರತು ಬೇರೆ ಯಾವುದರಿಂದಲೂ ಭಾಗವಾಗದು. ಎಷ್ಟು ಚಿಕ್ಕ ಮಗುವಾದರೂ ಬಾಯಿಪಾಠ ಮಾಡಬಲ್ಲ ದೊಡ್ಡ ಅವಿಭಾಜ್ಯ ಇದಕ್ಕಿಂತ ಸುಲಭವಾದದ್ದು ಇರಲಾರದು. ಇದರ ಹಿಂದಿನ ಒಂಬತ್ತರ ಏಣಿಯಾದರೋ ಒಂದು ವರ್ಗಸಂಖ್ಯೆ, ಭಾಜ್ಯಗಳಲ್ಲಿಯೇ ಭಾಜ್ಯ. ಕೂದಲೆಳೆಯಷ್ಟು ಅಂತರದಲ್ಲಿ ಒಂದು ಪೂರ್ತಿ ಒಡೆಯುತ್ತದೆ, ಇನ್ನೊಂದು ಒಡೆಯುವುದೇ ಇಲ್ಲ.

ಆದರೆ ವಿಮರ್ಶಕನಾದವನು ಇಲ್ಲಿ ಹಾರ್ಡಿಯ ಕಡೆಗೆ ವಾಲದೆ ವಿಧಿಯಿಲ್ಲ. ಈ ಸಂಖ್ಯೆ ಅವಿಭಾಜ್ಯವಾಗಿರುವುದಕ್ಕೂ ಅದರ ಏರಿಳಿತದ ಅಂದಕ್ಕೂ ಕಾರ್ಯಕಾರಣ ಸಂಬಂಧವಿಲ್ಲ. ಇಷ್ಟು ದೊಡ್ಡ ಸಂಖ್ಯೆಗಳಲ್ಲಿ ಸರಾಸರಿ ನಲವತ್ತನಾಲ್ಕಕ್ಕೆ ಒಂದು ಅವಿಭಾಜ್ಯವಿರುತ್ತದೆ. ಇದು ಆ ಒಂದಾಯಿತು, ಅಷ್ಟೆ. ಲಾಟರಿ ಹತ್ತಿದವನ ಮುಖ ಸುಂದರವಾಗಿದ್ದಂತೆ. ಸಂತೋಷಪಡೋಣ, ಸಿದ್ಧಾಂತ ಕಟ್ಟುವುದು ಬೇಡ.

ಎರಡನೆಯದರ ಕಥೆ ಬೇರೆ. ಹತ್ತೊಂಬತ್ತು ಒಂದುಗಳನ್ನು ಸಾಲಾಗಿ ಬರೆಯಿರಿ: 1111111111111111111. ಇದೂ ಅವಿಭಾಜ್ಯ, 1918ರ ಹೊತ್ತಿಗೇ ಇದು ಸಿದ್ಧಪಟ್ಟಿತ್ತು. ಬರಿಯ ಒಂದುಗಳ ಹಾರಗಳಲ್ಲಿ ಇದಕ್ಕೆ ಮೊದಲು ಅವಿಭಾಜ್ಯವಾದದ್ದು 11 ಒಂದೇ. ಮಹಾವೀರನ ಹಾರಗಳೆಲ್ಲ ಗುಣಾಕಾರದಿಂದ ಪೋಣಿಸಿದವು. ಎರಡು ಸಂಖ್ಯೆ ಗುಣಿಸಿದರೆ ಮಾತ್ರ ಆತನ ಹಾರ. ಈ ಹಾರವನ್ನು ಹಾಗೆ ಕಟ್ಟಲು ಆತನಿಗೂ ಸಾಧ್ಯವಿರಲಿಲ್ಲ, ಯಾರಿಗೂ ಸಾಧ್ಯವಿಲ್ಲ. ಇದು ಪ್ರತ್ಯುತ್ಪನ್ನದ ಅಧ್ಯಾಯದೊಳಗೆ ಎಂದೂ ಬರಲಾರದ ಕಂಠಾಭರಣ.

ಹತ್ತೊಂಬತ್ತೇ ಏಕೆ? ಇಲ್ಲಿ ಕಾರಣವಿದೆ, ಪೂರ್ತಿಯಲ್ಲದಿದ್ದರೂ ಬಹುಪಾಲು. ಒಂದುಗಳ ಎಣಿಕೆ ಭಾಜ್ಯವಾಗಿದ್ದರೆ ಹಾರವೂ ಭಾಜ್ಯ. ಆರು ಒಂದುಗಳನ್ನು ಎರಡೆರಡಾಗಿ ಕಟ್ಟಿದರೆ 11 ಮೂರು ಸಲ, ಮೂರು ಮೂರಾಗಿ ಕಟ್ಟಿದರೆ 111 ಎರಡು ಸಲ; ಆದ್ದರಿಂದ 111111ನ್ನು 11 ಭಾಗಿಸುತ್ತದೆ, 111 ಸಹ ಭಾಗಿಸುತ್ತದೆ. ಮಹಾವೀರನ ಎಂಟು ಒಂದುಗಳು ಒಡೆಯುವುದೂ ಹೀಗೆಯೇ: 11, 101, 10001, ಆ 10001 ಮತ್ತೆ 73 ಮತ್ತು 137 ಆಗಿ ಒಡೆಯುತ್ತದೆ. ಆತನ 73 ಎಲ್ಲಿಂದ ಬಂತೆಂಬುದು ಈಗ ತಿಳಿಯಿತಲ್ಲ. ಹಾಗಾಗಿ ಹಾರ ಅವಿಭಾಜ್ಯವಾಗಬೇಕಾದರೆ ಮಣಿಗಳ ಎಣಿಕೆಯೂ ಅವಿಭಾಜ್ಯವಾಗಿರಬೇಕು. ಇಷ್ಟಿದ್ದರೆ ಸಾಲದು ಎಂಬುದು ನಿಜ: ಐದು ಒಂದುಗಳು 41 ಮತ್ತು 271ರ ಗುಣಲಬ್ಧ, ಏಳು ಒಂದುಗಳು 239 ಮತ್ತು 4649ರ ಗುಣಲಬ್ಧ, ಹನ್ನೊಂದೂ ಹದಿನೇಳೂ ಒಡೆಯುತ್ತವೆ.

ಒಡೆಯುವುದಕ್ಕೂ ಒಂದು ಶಿಸ್ತಿದೆ ಎಂಬುದೇ ಇಲ್ಲಿಯ ಸ್ವಾರಸ್ಯ. ಹತ್ತೊಂಬತ್ತು ಒಂದುಗಳನ್ನು ಭಾಗಿಸುವ ಅವಿಭಾಜ್ಯವೊಂದಿದೆ ಎಂದು ಊಹಿಸಿಕೊಳ್ಳಿ. 1, 10, 100, 1000 ಎಂದು ಹತ್ತರಿಂದ ಗುಣಿಸುತ್ತ, ಪ್ರತಿ ಸಲವೂ ಆ ಅವಿಭಾಜ್ಯದಿಂದ ಭಾಗಿಸಿ ಶೇಷವನ್ನು ಬರೆದುಕೊಂಡರೆ, ಹತ್ತೊಂಬತ್ತು ಹೆಜ್ಜೆಗೆ ಸರಿಯಾಗಿ ಮೊದಲಿನ ಶೇಷಕ್ಕೆ ಮರಳಬೇಕು. ಬೇರೆ ಯಾವ ಶೇಷದಿಂದ ಹೊರಟರೂ ಹೀಗೆಯೇ. ಅಂದರೆ ಸೊನ್ನೆಯನ್ನು ಬಿಟ್ಟು ಉಳಿದ ಶೇಷಗಳೆಲ್ಲ ಹತ್ತೊಂಬತ್ತು ಹತ್ತೊಂಬತ್ತರ ಬಳೆಗಳಾಗಿ ಕೂಡಿಕೊಳ್ಳುತ್ತವೆ, ಒಂದೂ ಹೊರಗುಳಿಯದು. ಹಾಗಾದರೆ ಆ ಅವಿಭಾಜ್ಯದಿಂದ ಒಂದನ್ನು ಕಳೆದದ್ದು 19ರ ಗುಣಕವಾಗಲೇಬೇಕು; ಅದು ಸರಿಸಂಖ್ಯೆಯೂ ಆದ್ದರಿಂದ 38ರ ಗುಣಕ. ಇದರ ಬೇರು ಹದಿನೇಳನೆಯ ಶತಮಾನದ ಫರ್ಮಾನ ಪ್ರಮೇಯದಲ್ಲಿದೆ. ಮೇಲಿನ ಚಿಕ್ಕ ಹಾರಗಳಲ್ಲಿ ಪರೀಕ್ಷಿಸಿ ನೋಡಿರಿ. ಐದು ಒಂದುಗಳ 41, 271 ಎರಡೂ ಹತ್ತರ ಗುಣಕಕ್ಕಿಂತ ಒಂದು ಹೆಚ್ಚು. ಏಳು ಒಂದುಗಳ 239, 4649 ಎರಡೂ ಹದಿನಾಲ್ಕರ ಗುಣಕಕ್ಕಿಂತ ಒಂದು ಹೆಚ್ಚು. ಹತ್ತೊಂಬತ್ತು ಒಂದುಗಳನ್ನು ಪರೀಕ್ಷಿಸಲು ಅದರ ವರ್ಗಮೂಲದವರೆಗೆ, ಸುಮಾರು 105 ಕೋಟಿಯವರೆಗೆ ಹುಡುಕಬೇಕು; ಈ ಶಿಸ್ತಿನಿಂದಾಗಿ ಮೂವತ್ತೆಂಟರಲ್ಲಿ ಒಂದನ್ನು ನೋಡಿದರೆ ಸಾಕಾಯಿತು. ಮತ್ತೂ ಒಂದು ಗುಣ: 1ನ್ನು ಈ ಸಂಖ್ಯೆಯಿಂದ ಭಾಗಿಸಿ ದಶಮಾಂಶದಲ್ಲಿ ಬರೆದರೆ ಹದಿನೆಂಟು ಸೊನ್ನೆ, ಒಂದು ಒಂಬತ್ತು, ಪುನಃ ಹದಿನೆಂಟು ಸೊನ್ನೆ, ಒಂದು ಒಂಬತ್ತು, ಹೀಗೆ ಕೊನೆಯಿಲ್ಲದೆ ನಡೆಯುತ್ತದೆ. ಹತ್ತೊಂಬತ್ತಂಕೆಗಳ ಆವರ್ತವಿರುವ ಅವಿಭಾಜ್ಯ ಜಗತ್ತಿನಲ್ಲಿ ಇದೊಂದೇ.

ಚಿತ್ರಕಾವ್ಯವೆಂದು ತಳ್ಳಿದ್ದರೊಳಗೆ ಇಷ್ಟು ಅರ್ಥವಿತ್ತು. ಹಾರ್ಡಿಗೆ ಉತ್ತರ ಇನ್ನೂ ಗಟ್ಟಿಯಾಗುವುದು ಹತ್ತರ ಮಾನವನ್ನು ಬಿಟ್ಟು ಎರಡರ ಮಾನಕ್ಕೆ, ಕಂಪ್ಯೂಟರಿನ ಲೆಕ್ಕದ ಮಾನಕ್ಕೆ ಹೋದಾಗ. ಅಲ್ಲಿ 3 ಎಂದರೆ 11. 7 ಎಂದರೆ 111. 31 ಎಂದರೆ 11111. ಮರ್ಸೆನ್ ಅವಿಭಾಜ್ಯಗಳೆಂದು ಯೂರೋಪಿನ ಪಂಡಿತರು ಶತಮಾನಗಳಿಂದ ಬೆನ್ನಟ್ಟಿದವೆಲ್ಲ ಎರಡರ ಮಾನದಲ್ಲಿ ಬರಿಯ ಒಂದುಗಳ ಹಾರಗಳೇ, ಮತ್ತು ಅಲ್ಲಿಯೂ ಮಣಿಗಳ ಎಣಿಕೆ ಅವಿಭಾಜ್ಯವಾಗಿರಲೇಬೇಕೆಂಬ ಅದೇ ನಿಯಮ. 2024ರ ಅಕ್ಟೋಬರಿನಲ್ಲಿ ಲೂಕ್ ಡ್ಯುರಾಂಟ್ ಎಂಬವರು ಕಂಡುಹಿಡಿದ ದೈತ್ಯ ಅವಿಭಾಜ್ಯವನ್ನು ಎರಡರ ಮಾನದಲ್ಲಿ ಬರೆದರೆ 13,62,79,841 ಒಂದುಗಳು. ನಮ್ಮ ಅಂಕೆಗಳಲ್ಲಿ ಬರೆದರೆ 4,10,24,320 ಸ್ಥಾನಗಳು. ಈ ಹಾರಗಳ ವಿಷಯಕ್ಕೆ ಹಾರ್ಡಿಯ ತೀರ್ಪು ನಿಲ್ಲದು. 8712ರ ವಿಷಯಕ್ಕೆ ಬೇಕಾದರೆ ನಿಲ್ಲಲಿ.

ಹತ್ತರ ಮಾನದಲ್ಲಿ ಹತ್ತೊಂಬತ್ತರ ನಂತರ ಇಪ್ಪತ್ತಮೂರು ಒಂದುಗಳು ಅವಿಭಾಜ್ಯ, ಆಮೇಲೆ 317, ಆಮೇಲೆ 1031, ಇದು ಸಿದ್ಧವಾದದ್ದು 1985-86ರಲ್ಲಿ. ಅದರ ಮುಂದಿನ 49081 ಒಂದುಗಳು ಅವಿಭಾಜ್ಯವಿರಬೇಕೆಂದು 1999ರಲ್ಲಿ ಕಂಡಿತು, ಸಿದ್ಧವಾಗಲು 2022 ಬರಬೇಕಾಯಿತು. ಕಟ್ಟುವುದು ಸುಲಭ, ಬಿಚ್ಚುವುದು ಕಷ್ಟ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬೆಂಗಳೂರಿನ ಶಕುಂತಲಾ ದೇವಿಯವರು ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ, ಉತ್ತರವನ್ನಷ್ಟೇ ಮುಂದಿಟ್ಟು ಮೂಲ ಎರಡನ್ನು ಹೇಳಿ ಎಂದರೆ ಕೆಲಸ ಬೇರೆಯೇ. ನೂರಾರು ಅಂಕೆಗಳಾದರೆ ಯಂತ್ರಗಳೂ ಸೋಲುತ್ತವೆ. ಆ ಸೋಲಿನ ಭರವಸೆಯ ಮೇಲೆ 1977ರಲ್ಲಿ ಹುಟ್ಟಿದ ಗುಪ್ತಲಿಪಿ ಇಂದಿಗೂ ಬಳಕೆಯಲ್ಲಿದೆ.

ನಮ್ಮ ಮಕ್ಕಳ ಮಾತಿಗೆ ಬರುತ್ತೇನೆ. ಸೆಂಚುರಿ ರೇಯಾನ್ ಕಾರ್ಖಾನೆಯಿಂದಲೂ ಬಿರ್ಲಾ ವಿಠಲ ಮಂದಿರದಿಂದಲೂ ಹೊರಗಿನವರು ಗುರುತಿಸುವ ಈ ಶಹಾಡಿನಲ್ಲಿ, ಆಚೆ ಕಲ್ಯಾಣದಲ್ಲಿ ಬೆಳೆಯುವ ಕನ್ನಡದ ಮಕ್ಕಳು ಈ ಸಂಖ್ಯೆಗಳನ್ನು ಇಂಗ್ಲಿಷಿನಲ್ಲಿ 'ಪ್ರೈಮ್' ಎಂದೋ ಮರಾಠಿಯಲ್ಲಿ 'ಮೂಳ ಸಂಖ್ಯಾ' ಎಂದೋ ಕಲಿಯುತ್ತವೆ; 'ಅವಿಭಾಜ್ಯ' ಎಂಬ ಮಾತು ಮನೆಯೊಳಗೆ ಕಿವಿಗೆ ಬಿದ್ದರೆ ಬಿತ್ತು. ಮರಾಠಿಯ ಮಾತು ಒಳ್ಳೆಯದು, ಉಳಿದ ಸಂಖ್ಯೆಗಳೆಲ್ಲ ಇವುಗಳಿಂದ ಹುಟ್ಟುತ್ತವೆ ಎನ್ನುತ್ತದೆ. ಕನ್ನಡದ ಮಾತು ಇವು ಒಡೆಯುವುದಿಲ್ಲ ಎನ್ನುತ್ತದೆ. ಎರಡೂ ಗೊತ್ತಿರುವ ಮಗುವಿಗೆ ಅರ್ಧ ವ್ಯಾಖ್ಯೆ ಪುಕ್ಕಟೆಯಾಗಿ ಸಿಕ್ಕಿದಂತೆ. 'ಗಣಿತಸಾರಸಂಗ್ರಹ'ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಹೊರತಂದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದ ಜೈನ ಮಠದಿಂದ ಬಂದಿದೆ. ಮಹಾವೀರನ ಹೆಸರನ್ನು ಭಾಷಣಗಳಲ್ಲಿ ಎತ್ತುವವರು ಆ ಹಾರಗಳ ಪುಟವನ್ನಾದರೂ ತೆರೆದು, ಪಕ್ಕದಲ್ಲಿ ಪೆನ್ಸಿಲ್ ಹಿಡಿದು, ಪ್ರತಿ ಹಾರವನ್ನೂ ಬಿಚ್ಚಿ ನೋಡಬೇಕು. 15151ಕ್ಕೆ ಕೊಟ್ಟ 139, 109 ಎರಡೂ ಅವಿಭಾಜ್ಯಗಳು. ಆ ಹಾರವನ್ನು ಬೇರೆ ಜೋಡಿಯಿಂದ ಪೋಣಿಸಲು ಬರುವುದಿಲ್ಲ. 11111111ನ್ನಾದರೋ ಬೇಕಾದ ಹಾಗೆ ಪೋಣಿಸಬಹುದು.

ಮನೆಯಲ್ಲಿ ಏಳನೆಯದೋ ಎಂಟನೆಯದೋ ಓದುವ ಮಗುವಿದ್ದರೆ ಹದಿಮೂರು ಒಂದುಗಳನ್ನು ಬರೆದುಕೊಡಿ. ಭಾಗಿಸುವ ಅವಿಭಾಜ್ಯ 26ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು ಎಂಬುದನ್ನಷ್ಟೇ ಹೇಳಿರಿ. 27 ಅವಿಭಾಜ್ಯವಲ್ಲ, ಅದನ್ನು ಬಿಟ್ಟು 53ರಿಂದ ಭಾಗಿಸಲಿ, ಬಂದದ್ದನ್ನು 79ರಿಂದ ಭಾಗಿಸಲಿ. ಉಳಿಯುವ 265371653 ಮತ್ತೆ ಒಡೆಯುವುದಿಲ್ಲ.